ಒಂದು ಮಿಲಿಮೀಟರನ್ನು ಎಲ್ಲಿ ಖರ್ಚು ಮಾಡುವುದು?

ಮೂರು ತಿಂಗಳು ನಾನು ಗುಲಗಂಜಿ ಹುಳದ ಕಣ್ಣಿಗೆ ಫೋಕಸ್ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅದು ಕಣ್ಣೇ ಅಲ್ಲ ಅಂತ ಗೊತ್ತಾದದ್ದು ಒಂದು ರಾತ್ರಿ, ಫೋಟೋವನ್ನು ಪರದೆಯ ತುಂಬ ಹಿಗ್ಗಿಸಿ ನೋಡುವಾಗ. ಕೆಂಪು ರೆಕ್ಕೆಗವಚದ ಮುಂದೆ ಕಪ್ಪು ಹಣೆ, ಹಣೆಯ ಎರಡೂ ಬದಿಗೆ ಎರಡು ಬಿಳಿ ಮಚ್ಚೆ. ಅಗಲವಾಗಿ, ಮುದ್ದಾಗಿ, ಮಕ್ಕಳು ಬರೆಯುವ ಚಿತ್ರದಲ್ಲಿ ಇರುವಂಥದ್ದೇ ಕಣ್ಣು. ಅವನ್ನೇ ನಂಬಿ, ಉಸಿರು ಬಿಗಿಹಿಡಿದು, ನೂರಾರು ಸಲ ಕ್ಲಿಕ್ಕಿಸಿದ್ದೆ. ಆ ರಾತ್ರಿ ನೋಡಿದರೆ, ಹಣೆ ಅಂತ ತಿಳಿದಿದ್ದ ಭಾಗದ ಅಡಿಯಿಂದ ಇನ್ನೊಂದು ಪುಟ್ಟ ತಲೆ ಇಣುಕುತ್ತಿದೆ. ಅದರ ಪಕ್ಕದಲ್ಲೊಂದು ಕರಿ ಚುಕ್ಕೆ, ಮಸುಕು ಮಸುಕಾಗಿ. ಅದು ಕಣ್ಣು. ನಾನು ಇಷ್ಟು ದಿನ ಕೂದಲು ಸೀಳಿದ ಹಾಗೆ ಚೂಪಾಗಿ ತೆಗೆದದ್ದು ಹುಳದ ಎದೆಯ ಮೇಲಿನ ಕವಚ. ಅಂಗಿಯ ಕಾಲರನ್ನು ಮುಖ ಅಂತ ತಿಳಿದು ಭಾವಚಿತ್ರ ತೆಗೆದ ಹಾಗೆ.

ಮೊದಲು ನಗು ಬಂತು, ಹಿಂದೆಯೇ ಮುಜುಗರ. ಯಾಕೆಂದರೆ ಅಷ್ಟರಲ್ಲಿ ನಾನು ಇಬ್ಬರು ಗೆಳೆಯರಿಗೆ ಮ್ಯಾಕ್ರೋ ಫೋಟೋಗ್ರಫಿಯ, ಅಂದರೆ ಪುಟ್ಟ ಜೀವಗಳನ್ನು ತೀರ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಕಲೆಯ, ಪಾಠ ಬೇರೆ ಹೇಳಿಯಾಗಿತ್ತು. ಪಾಠದ ಮೊದಲ ಸೂತ್ರವೇ ‘ಏನು ಮಸುಕಾದರೂ ಆಗಲಿ, ಕಣ್ಣು ಚೂಪಾಗಿರಬೇಕು’ ಅಂತ.

ಈ ಸೂತ್ರ ಸುಮ್ಮನೆ ಹುಟ್ಟಿದ್ದಲ್ಲ. ಮ್ಯಾಕ್ರೋದಲ್ಲಿ 1:1 ಅಂದರೆ ಹುಳ ಎಷ್ಟು ದೊಡ್ಡದೋ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಬೀಳುವ ಅದರ ಬಿಂಬವೂ ಅಷ್ಟೇ ದೊಡ್ಡದು. ಫುಲ್ ಫ್ರೇಮ್ ಸೆನ್ಸರಿನ ಅಳತೆ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಒಂದು ಸೆಂಟಿಮೀಟರಿನ ಜೀವ ಅದರ ಮೇಲೆ ಕಾಲು ಭಾಗಕ್ಕೂ ಮಿಕ್ಕಿ ಹರಡಿಕೊಳ್ಳುತ್ತದೆ. ಅಲ್ಲಿಯವರೆಗೆ ಖುಷಿಯೇ. ಆದರೆ ಅಷ್ಟು ಹತ್ತಿರ ಹೋದಾಗ, ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಅಂದರೆ ಅಪರ್ಚರ್, ಎಫ್/8ರಲ್ಲಿದ್ದರೆ, ಚೂಪಾಗಿ ಕಾಣುವ ಪದರದ ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅದರ ಮುಂದಿನದೂ ಮಂಜು, ಹಿಂದಿನದೂ ಮಂಜು. ಅಪರ್ಚರನ್ನು ಎಫ್/16ಕ್ಕೆ ಕಿರಿದಾಗಿಸಿದರೆ ಪದರ ಎರಡು ಮಿಲಿಮೀಟರ್ ಆಗುತ್ತದೆ ನಿಜ. ಆದರೆ 1:1ರಲ್ಲಿ ಲೆನ್ಸ್ ಅಷ್ಟು ಮುಂದೆ ಚಾಚಿಕೊಂಡಾಗ ಎಫ್/16 ಅನ್ನುವುದು ಎಫ್/32ರ ಹಾಗೆ ವರ್ತಿಸುತ್ತದೆ. ಸಣ್ಣ ಕಿಂಡಿಯಲ್ಲಿ ನುಸುಳುವ ಬೆಳಕು ಅಂಚಿನಲ್ಲಿ ಬಾಗಿ ಹರಡಿ, ಇಡೀ ಚಿತ್ರದ ಮೇಲೆ ತೆಳ್ಳಗೆ ಎಣ್ಣೆ ಸವರಿದ ಹಾಗಾಗುತ್ತದೆ. ಆಳ ಸಿಕ್ಕಿತು, ಹರಿತ ಹೋಯಿತು. ಈ ಚೌಕಾಸಿಯಲ್ಲಿ ಬೆಳಕು ಒಂದು ಪೈಸೆಯನ್ನೂ ಬಿಟ್ಟುಕೊಡುವುದಿಲ್ಲ.

ಹಾಗಾಗಿ ಕೈಯಲ್ಲಿ ಇರುವುದು ಒಂದು ಮಿಲಿಮೀಟರ್. ಅದನ್ನು ಎಲ್ಲಿ ಖರ್ಚು ಮಾಡುವುದು ಅನ್ನುವುದೇ ಈ ಹವ್ಯಾಸದ ನಿಜವಾದ ಪ್ರಶ್ನೆ. ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಅನ್ನುವುದೆಲ್ಲ ಆಮೇಲಿನ ಮಾತು.

ಆದರೂ ಸಲಕರಣೆಯ ಮಾತು ಎರಡೇ ಎರಡು. ನಾನು ಶುರುಮಾಡಿದ್ದು ಹಳೆಯ 50 ಎಂಎಂ ಲೆನ್ಸನ್ನು ಹಿಂದುಮುಂದಾಗಿ ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡು. ಅದಕ್ಕೊಂದು ರಿವರ್ಸ್ ರಿಂಗ್ ಸಿಗುತ್ತದೆ. ತಿರುಗಿಸಿ ಹಾಕಿದ ಲೆನ್ಸ್ ಹುಳವನ್ನು ನಿಜ ಗಾತ್ರದ ಹತ್ತಿರಹತ್ತಿರಕ್ಕೆ ತಂದುಬಿಡುತ್ತದೆ. ಅಪರ್ಚರನ್ನು ಕೈಯಿಂದ ತಿರುಗಿಸುವ ಬಳೆ ಲೆನ್ಸಿನಲ್ಲೇ ಇರಬೇಕು, ಕಿರಿದಾಗಿಸಿದ ಕೂಡಲೇ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಕತ್ತಲಾಗುತ್ತದೆ, ಲೆನ್ಸಿನ ಹಿಂಬದಿಯ ಗಾಜು ಧೂಳಿಗೆ ತೆರೆದುಕೊಂಡಿರುತ್ತದೆ. ಇಷ್ಟೆಲ್ಲ ತಾಪತ್ರಯದ ನಡುವೆಯೂ ಅದರಷ್ಟು ಕಲಿಸಿದ ಉಪಕರಣ ಇನ್ನೊಂದಿಲ್ಲ. ಆಮೇಲೆ 100 ಎಂಎಂ ಮ್ಯಾಕ್ರೋ ಲೆನ್ಸ್ ಬಂತು. ಅದರಲ್ಲಿ 1:1 ತಲುಪಿದಾಗಲೂ ಲೆನ್ಸಿನ ಮೂತಿಗೂ ಹುಳಕ್ಕೂ ನಡುವೆ ಒಂದು ಚೋಟು ಜಾಗ ಉಳಿಯುತ್ತದೆ. ಆ ಒಂದು ಚೋಟು ಹುಳ ಓಡಿಹೋಗದಿರಲು ಕೊಟ್ಟ ದುಡ್ಡು.

ಇನ್ನು ಬೆಳಕು. ಕಿರಿದಾದ ಅಪರ್ಚರಿನಲ್ಲಿ ಹಗಲೂ ಇರುಳೇ, ಫ್ಲಾಶ್ ಇಲ್ಲದೆ ಆಗುವುದಿಲ್ಲ. ಫ್ಲಾಶಿನ ಶಕ್ತಿ ಇಳಿಸಿದಷ್ಟೂ ಅದರ ಮಿಂಚು ಚಿಕ್ಕದಾಗುತ್ತದೆ. ತೀರ ಕೆಳಗಿನ ಮಟ್ಟದಲ್ಲಿ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ನನ್ನ ಕೈ ನಡುಗುವುದನ್ನು ಮುಚ್ಚಿಹಾಕುವುದು ಆ ಮಿಂಚೇ ಹೊರತು ನನ್ನ ಸ್ಥಿರತೆ ಅಲ್ಲ. ಬೋಳು ಫ್ಲಾಶ್ ಮಾತ್ರ ಹೊಡೆಯಬಾರದು. ಜೀರುಂಡೆಯ ಬೆನ್ನು ಸ್ಟೀಲಿನ ಚಮಚದ ಹಾಗೆ ಹೊಳೆಯುತ್ತದೆ. ನಾನು ಬಿಳಿ ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ, ಒಳಗೆ ಟ್ರೇಸಿಂಗ್ ಪೇಪರ್ ಅಂಟಿಸಿ ಮಾಡಿಕೊಂಡ, ಬೆಳಕನ್ನು ಮೆತ್ತಗೆ ಹರಡುವ ಡಿಫ್ಯೂಸರ್ ಇವತ್ತಿಗೂ ನಡೆಯುತ್ತಿದೆ. ನೋಡಲು ಮುರುಕು ಲಾಟೀನಿನ ಹಾಗಿದೆ. ಹುಳಗಳು ಇದುವರೆಗೆ ದೂರಿಲ್ಲ.

ಫೋಕಸ್ ಮಾಡುವುದನ್ನು ಕೈಯಿಂದ ಮಾಡುವುದಲ್ಲ, ಮೈಯಿಂದ ಮಾಡುವುದು. ಲೆನ್ಸನ್ನು ಒಂದು ಅಳತೆಗೆ ನಿಲ್ಲಿಸಿಬಿಟ್ಟು, ಎಡಗೈಯಲ್ಲಿ ಹುಳ ಕೂತ ಟಿಸಿಲನ್ನೇ ಹಿಡಿದುಕೊಂಡು, ಅದೇ ಕೈಯ ಮೇಲೆ ಲೆನ್ಸ್ ಊರಿ, ಸೊಂಟದಿಂದ ಮೇಲಿನ ಭಾಗವನ್ನು ಒಂದು ಕೂದಲೆಳೆಯಷ್ಟು ಮುಂದೆ, ಒಂದು ಕೂದಲೆಳೆಯಷ್ಟು ಹಿಂದೆ ತೂಗುತ್ತಾ ಇರಬೇಕು. ವ್ಯೂಫೈಂಡರಿನಲ್ಲಿ ಚೂಪಿನ ಪದರ ಹುಳದ ಮೈಮೇಲೆ ಅಲೆಯ ಹಾಗೆ ಸಾಗುತ್ತದೆ. ಮೊದಲು ಮೀಸೆಯ ತುದಿ, ಆಮೇಲೆ ದವಡೆ, ಕಣ್ಣು, ಬೆನ್ನ ಮೇಲಿನ ರೋಮ, ಮತ್ತೆ ಮಂಜು. ಆ ಅಲೆ ಕಣ್ಣಿನ ಮೇಲೆ ಹಾಯುವ ಕ್ಷಣಕ್ಕೆ ಬೆರಳು ಒತ್ತಬೇಕು. ಒತ್ತಿದ್ದೇನೆ ಅಂದುಕೊಳ್ಳುವಷ್ಟರಲ್ಲಿ ಗಾಳಿ. ಎಲೆ ಒಂದು ಮಿಲಿಮೀಟರ್ ಅಲುಗಿದರೆ ಬರಿಗಣ್ಣಿಗೆ ಅದು ಅಲುಗಾಟವೇ ಅಲ್ಲ, ನಮ್ಮ ಚೌಕಟ್ಟಿನಲ್ಲಿ ಮಾತ್ರ ಹುಳ ಊರು ಬಿಟ್ಟು ಹೋಗಿರುತ್ತದೆ. ಅದಕ್ಕೇ ಬೆಳಗಿನ ಜಾವ ಏಳುವುದು. ಹುಳಗಳ ಮೈ ಬಿಸಿಯಾಗಲು ಹೊರಗಿನ ಬಿಸಿ ಬೇಕು, ಸೂರ್ಯ ಏರುವವರೆಗೆ ಅವು ಮರಗಟ್ಟಿ ಕೂತಿರುತ್ತವೆ. ಮೈತುಂಬ ಇಬ್ಬನಿ ಹೊತ್ತ ಏರೋಪ್ಲೇನ್ ಚಿಟ್ಟೆ ಆ ಹೊತ್ತಿನಲ್ಲಿ ಒಂದು ಕಾಲನ್ನೂ ಎತ್ತುವುದಿಲ್ಲ. ಅರ್ಧ ಗಂಟೆ ಕಳೆದರೆ ಅದೇ ಜೀವವನ್ನು ಹಿಡಿಯುವುದಕ್ಕೆ ನಾನೂ ಸಾಲದು, ನನ್ನ ಲೆನ್ಸೂ ಸಾಲದು.

ಗುಲಗಂಜಿ ಹುಳದ ಅವಮಾನದ ನಂತರ ನಾನು ನಿಜವಾದ ಕಣ್ಣುಗಳ ಬೆನ್ನು ಹತ್ತಿದೆ. ನೊಣ ಸುಲಭದ ಗುರಿ. ತಲೆಯ ಬಹುಪಾಲು ಕಣ್ಣೇ. ಪುಟ್ಟ ಪುಟ್ಟ ಬಿಲ್ಲೆಗಳು ಸೇರಿ ಆದ ಈ ಸಂಯುಕ್ತ ಕಣ್ಣಿನ ಒಂದೊಂದು ಬಿಲ್ಲೆಯೂ ತಲೆಗೂದಲಿನ ದಪ್ಪಕ್ಕಿಂತ ಸಣ್ಣದು, ಷಟ್ಕೋನಗಳು ಜೇನುತಟ್ಟಿನ ಹಾಗೆ ಒತ್ತೊತ್ತಾಗಿ ಕೂತಿರುತ್ತವೆ. ಹಿಗ್ಗಿಸಿ ನೋಡಿದಾಗ ಒಂದೊಂದು ಬಿಲ್ಲೆಯಲ್ಲೂ ಒಂದೊಂದು ಬಿಳಿ ಚೌಕ ಕಂಡಿತು. ನನ್ನ ಡಬ್ಬಿ ಡಿಫ್ಯೂಸರ್! ಸಾವಿರಾರು ಪ್ರತಿಗಳು. ಇದನ್ನು ನಾನೇ ಮೊದಲು ಕಂಡವನು ಅಂತ ಬೀಗುವ ಹಾಗಿಲ್ಲ. 1665ರಲ್ಲಿ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ದಾಖಲಿಸಿದ ತನ್ನ ‘ಮೈಕ್ರೋಗ್ರಾಫಿಯಾ’ ಪುಸ್ತಕದಲ್ಲಿ ನೊಣದ ತಲೆಯ ಚಿತ್ರ ಬರೆದಾಗ, ಸಾಲುಗಳನ್ನು ಎಣಿಸಿ ಗುಣಿಸಿ ಒಂದೊಂದು ಕಣ್ಣಿಗೆ ಸುಮಾರು 7000 ಮಣಿಗಳಿವೆ ಅಂತ ಲೆಕ್ಕ ಹಾಕಿದ್ದ. ಆ ಒಂದೊಂದು ಮಣಿಯಲ್ಲೂ ಅವನ ಕಿಟಕಿಯ ಹೊರಗಿನ ನೋಟ, ಅದರಲ್ಲೊಂದು ದೊಡ್ಡ ಮರ, ಪ್ರತಿಬಿಂಬವಾಗಿ ಕಂಡಿತ್ತಂತೆ. ಅವನಿಗೆ ಮರ ಸಿಕ್ಕಿತು, ನನಗೆ ಪ್ಲಾಸ್ಟಿಕ್ ಡಬ್ಬಿ. ಕಾಲ ಎಲ್ಲಿಗೆ ಬಂತು ನೋಡಿ.

ಅದೇ ಹುಕ್ ಮಹಾಶಯ ಇರುವೆಯ ಚಿತ್ರ ಬರೆಯಲು ಹೋಗಿ ಸೋತ ಕಥೆ ನನಗೆ ಇನ್ನೂ ಇಷ್ಟ. ಕಾಲಿಗೆ ಅಂಟು ಹಚ್ಚಿ ನಿಲ್ಲಿಸಿದರೆ ಅದು ಮೈ ತಿರುಚಿಕೊಳ್ಳುತ್ತಿತ್ತು, ಕೊಂದರೆ ಮುರುಟಿಹೋಗುತ್ತಿತ್ತು. ಕೊನೆಗೆ ಬ್ರಾಂದಿಯಲ್ಲಿ ಮುಳುಗಿಸಿದ. ಇರುವೆ ಸತ್ತಂತೆ ಬಿದ್ದುಕೊಂಡಿತು. ಅವನು ಬೇಕಾದ ಭಂಗಿಯಲ್ಲಿ ಕೂರಿಸಿದ. ಒಂದು ತಾಸಿನ ಹೊತ್ತಿಗೆ ತಟ್ಟನೆ ಎದ್ದು ಓಡಿಹೋಯಿತು.

ಈಗಲೂ ಇಂಥವರಿದ್ದಾರೆ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಜಡ ಮಾಡಿ, ಹೊರತಂದು ಹೂವಿನ ಮೇಲೆ ಕೂರಿಸಿ, ಇಬ್ಬನಿಯ ಬದಲು ಸ್ಪ್ರೇ ಹೊಡೆದು ತೆಗೆಯುವವರು. ಸತ್ತ ಹುಳವನ್ನು ಪಿನ್ನಿಗೆ ಚುಚ್ಚಿ, ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ ಇನ್ನೂರು ಮುನ್ನೂರು ಫ್ರೇಮ್ ತೆಗೆದು ಸಾಫ್ಟ್‌ವೇರಿನಲ್ಲಿ ಹೊಲಿಯುವವರೂ ಇದ್ದಾರೆ. ಆ ಎರಡನೆಯದರ ಬಗ್ಗೆ ನನಗೆ ತಕರಾರಿಲ್ಲ. ಅದು ಸತ್ತದ್ದು ಅಂತ ಹೇಳಿ ಹಾಕಿದರೆ ಅದೊಂದು ದಾಖಲೆ, ನೋಡಿ ಕಲಿಯುವುದಕ್ಕೆ ಬೇಕಾದಷ್ಟಿದೆ. ಮೊದಲನೆಯದು ಮಾತ್ರ ನನಗೆ ಒಗ್ಗುವುದಿಲ್ಲ. ದಯೆಯ ಮಾತಂತೂ ಇದ್ದೇ ಇದೆ. ಅದನ್ನು ಪಕ್ಕಕ್ಕಿಟ್ಟರೂ ಚಳಿಗೆ ಮುರುಟಿದ ಹುಳ ಕಾಲನ್ನು ಇಡುವ ರೀತಿಯೇ ಸುಳ್ಳು. ಎಲೆಯನ್ನು ಅದು ಹಿಡಿದುಕೊಂಡಿರುವುದಿಲ್ಲ, ಎಲೆಯ ಮೇಲೆ ಬಿದ್ದಿರುತ್ತದೆ. ಒಂದೆರಡು ವರ್ಷ ಹುಳ ನೋಡಿದವರಿಗೆ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹೀಗೆ ಫ್ರೇಮುಗಳನ್ನು ಹೊಲಿಯುವ ಸ್ಟ್ಯಾಕಿಂಗನ್ನು ಜೀವಂತ ಹುಳದ ಮೇಲೆ ನಾನೂ ಮಾಡುತ್ತೇನೆ, ಇಬ್ಬನಿಯ ಹೊತ್ತಿನಲ್ಲಿ, ಆರೇಳು ಫ್ರೇಮ್ ಮಾತ್ರ. ಎಂಟನೆಯದಕ್ಕೆ ಅದು ಮೀಸೆ ಅಲ್ಲಾಡಿಸಿ ಲೆಕ್ಕ ಕೆಡಿಸುತ್ತದೆ.

ಮತ್ತೆ ಕಣ್ಣಿನ ವಿಷಯಕ್ಕೆ. ‘ಕಣ್ಣಿಗೆ ಫೋಕಸ್ ಮಾಡಿ’ ಅನ್ನುವಾಗ ಯಾವ ಕಣ್ಣು ಅಂತ ಯಾರೂ ಹೇಳುವುದಿಲ್ಲ. ಜೇನು, ಕಡಜ, ಮಿಡತೆಗಳಿಗೆ ಎರಡು ದೊಡ್ಡ ಸಂಯುಕ್ತ ಕಣ್ಣುಗಳ ಜೊತೆ ತಲೆಯ ಮೇಲೆ ಮೂರು ಪುಟಾಣಿ ಒಂಟಿ ಕಣ್ಣುಗಳಿವೆ. ಒಟ್ಟು ಐದು. ಸೂರ್ಯನ ಕುದುರೆ, ಅದೇ ಮ್ಯಾಂಟಿಸ್, ಅದಕ್ಕೂ ಐದೇ, ಆದರೆ ಅದರ ದೊಡ್ಡ ಕಣ್ಣಿನಲ್ಲಿ ಒಂದು ಕರಿ ಪಾಪೆ ಬೇರೆ ಇರುತ್ತದೆ. ನೀವು ಎಡಕ್ಕೆ ಸರಿದರೆ ಪಾಪೆ ಎಡಕ್ಕೆ ಹೊರಳುತ್ತದೆ, ಕೆಳಗೆ ಬಾಗಿದರೆ ಕೆಳಗೆ. ದಿಟ್ಟಿಸಿ ನೋಡುತ್ತಿದೆ ಅಂತ ಮೈ ಜುಮ್ಮೆನ್ನುತ್ತದೆ. ಪಾಪೆಗೆ ಫೋಕಸ್ ಮಾಡಲು ಹೋದೆ. ಇಡೀ ಬೆಳಗು ಹೋಯಿತು, ಯಾಕೆಂದರೆ ಅಲ್ಲಿ ಪಾಪೆಯೇ ಇಲ್ಲ. ಬಾವಿಯ ಒಳಗಿನ ಕತ್ತಲು ಕಾಣಬೇಕಾದರೆ ಅದರ ನೇರ ಮೇಲೆ ಬಗ್ಗಬೇಕು, ಓರೆಯಿಂದ ನೋಡಿದರೆ ಕಟ್ಟೆ ಮಾತ್ರ ಕಾಣುತ್ತದೆ. ಸಂಯುಕ್ತ ಕಣ್ಣು ಅಂದರೆ ಒಂದೊಂದೂ ಒಂದೊಂದು ದಿಕ್ಕಿಗೆ ಬಾಯಿ ತೆರೆದ ಸಾವಿರಾರು ಬಾವಿಗಳು. ನಮ್ಮತ್ತ ನೇರ ತೆರೆದ ಕೆಲವು ನಮ್ಮ ಕಡೆಯ ಬೆಳಕನ್ನು ನುಂಗಿ ಕಪ್ಪಾಗಿ ಕಾಣುತ್ತವೆ, ಓರೆಯಾದವು ಬೆಳಕನ್ನು ವಾಪಸು ಚೆಲ್ಲಿ ಹಸಿರಾಗಿ ಕಾಣುತ್ತವೆ. ಇಬ್ಬರು ಎರಡು ಬದಿಯಲ್ಲಿ ನಿಂತರೆ ಇಬ್ಬರಿಗೂ ತಮ್ಮನ್ನೇ ನೋಡುವ ಪಾಪೆ ಕಾಣುತ್ತದೆ. ಮ್ಯಾಂಟಿಸ್ ಕತ್ತು ತಿರುಗಿಸಿ ನೋಡುವುದುಂಟು, ಅದು ಬೇರೆ ಮಾತು. ಕಣ್ಣೊಳಗೆ ಹೊರಳುತ್ತಿದ್ದದ್ದು ಮಾತ್ರ ಅದರ ಪಾಪೆ ಅಲ್ಲ, ನಾನು.

ಅಷ್ಟು ಹೊತ್ತಿಗೆ ತೋಟ ನನ್ನನ್ನು ಬೇಕಂತಲೇ ಆಡಿಸುತ್ತಿದೆಯೇನೋ ಅನ್ನಿಸತೊಡಗಿತ್ತು. ನಿಂಬೆ ಗಿಡದಲ್ಲಿ ಎಳೆಯದಿದ್ದಾಗ ಹಕ್ಕಿಹಿಕ್ಕೆಯ ಹಾಗೆ ಬಿದ್ದಿದ್ದ ಸ್ವಾಲೋಟೇಲ್ ಚಿಟ್ಟೆಯ ಮರಿಹುಳ, ಬಲಿತು ಹಸಿರಾದ ಮೇಲೆ ಎರಡು ದಪ್ಪ ಕಣ್ಣು ಬಿಟ್ಟುಕೊಂಡು ಪುಟ್ಟ ಹಾವಿನ ಹಾಗೆ ಕೂತಿತ್ತು. ಈ ಸಲ ನಾನು ಹುಷಾರಿದ್ದೆ. ಕಣ್ಣಿನ ಹಾಗೆ ಕಂಡದ್ದನ್ನು ನಂಬಲಿಲ್ಲ. ಅದು ಉಬ್ಬಿದ ಎದೆಯ ಮೇಲಿನ ಬಣ್ಣ. ನಿಜವಾದ ತಲೆ ಅದರ ಮುಂದೆ, ಕೆಳಗೆ, ಗಲ್ಲ ಎದೆಗೆ ಒತ್ತಿಕೊಂಡ ಹಾಗೆ ಮಡಚಿಕೊಂಡಿತ್ತು. ಎರಡೂ ಬದಿಗೆ ಆರಾರು ಚುಕ್ಕೆಗಣ್ಣು, ಮರಳಿನ ಹರಳಿನ ಹಾಗೆ. ನಾನು ಟಿಸಿಲನ್ನು ಸ್ವಲ್ಪ ಹೆಚ್ಚೇ ಅಲುಗಿಸಿದೆ ಅಂತ ಕಾಣುತ್ತದೆ. ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ನಾಲಿಗೆಯಂಥದ್ದು ಛಟ್ಟನೆ ಹೊರಬಂತು, ಜೊತೆಗೆ ಹುಳಿ ಹತ್ತಿದಂಥ ಘಾಟು. ಹಾವಿನ ವೇಷಕ್ಕೆ ನಾಲಿಗೆಯೂ ಸಿಕ್ಕಿದಂತಾಯಿತು.

ಇನ್ನೊಂದು, ಬಾಲದಲ್ಲಿ ತಲೆ ಹೊತ್ತು ತಿರುಗುವ ಸಣ್ಣ ನೀಲಿ ಚಿಟ್ಟೆ. ಹಿಂದಿನ ರೆಕ್ಕೆಯ ಅಂಚಿನಲ್ಲಿ ಎರಡು ಕರಿಗಣ್ಣಿನಂಥ ಚುಕ್ಕೆ, ಮೀಸೆಯಂಥ ಎಳೆಬಾಲ. ಕೂತ ಕೂಡಲೇ ಹಿಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜುತ್ತದೆ, ಆ ಸುಳ್ಳು ಮೀಸೆ ನಿಜದ್ದರ ಹಾಗೆ ಅಲ್ಲಾಡುತ್ತದೆ. ನನ್ನ ಬಳಿ ಇರುವ ಒಂದು ಫೋಟೋದಲ್ಲಿ ಅದರ ಬಾಲದ ಕಡೆಯ ರೆಕ್ಕೆ ಅರ್ಧಚಂದ್ರಾಕಾರವಾಗಿ ಹರಿದುಹೋಗಿದೆ. ಯಾವುದೋ ಬಾಯಿ ಅಲ್ಲಿಗೆ ಹಾಕಿದ ಕಡಿತ ಇರಬೇಕು. ಚಿಟ್ಟೆ ಏನೂ ಆಗದವರ ಹಾಗೆ ಮಕರಂದ ಹೀರುತ್ತಿದೆ. ನನ್ನ ಹಾಗೆಯೇ ತಪ್ಪು ಕಣ್ಣಿಗೆ ಗುರಿಯಿಟ್ಟವರು ತೋಟದಲ್ಲಿ ಬೇರೆಯವರೂ ಇದ್ದಾರೆ ಅನ್ನುವುದು ಒಂದು ಸಮಾಧಾನ.

ನಿಜವಾಗಿ ನನ್ನನ್ನು ನೋಡಿದ್ದು ಒಂದೇ ಒಂದು. ಅದು ಕೀಟವೇ ಅಲ್ಲ, ನೆಗೆಯುವ ಜೇಡ. (ಎಂಟು ಕಾಲಿನದನ್ನು ಕೀಟಗಳ ಗುಂಪಿಗೆ ಸೇರಿಸುವ ತಪ್ಪನ್ನು ಮ್ಯಾಕ್ರೋದವರೆಲ್ಲ ಸಂತೋಷದಿಂದ ಮಾಡುತ್ತೇವೆ.) ಎಂಟು ಕಣ್ಣು, ಮುಂದಿನ ಎರಡು ಹೆಡ್‌ಲೈಟಿನ ಹಾಗೆ. ಲೆನ್ಸ್ ಒಂದು ಚೋಟು ದೂರಕ್ಕೆ ಬಂದಾಗ ಅದು ಓಡಲಿಲ್ಲ, ಪೂರ್ತಿ ಮೈಯನ್ನೇ ತಿರುಗಿಸಿ ಎದುರಾಯಿತು. ಸಾಲಾಗಿ ಹನ್ನೆರಡು ಫ್ರೇಮ್ ತೆಗೆದೆ. ಮನೆಗೆ ಬಂದು ನೋಡಿದರೆ ಕೆಲವು ಫ್ರೇಮಿನಲ್ಲಿ ಕಣ್ಣು ಕಡುಗಪ್ಪು, ಕೆಲವುಗಳಲ್ಲಿ ಕಂದು ಹಸಿರು. ಫ್ಲಾಶ್ ಕೈಕೊಟ್ಟಿತೇನೋ ಅಂತ ಬೇಜಾರಾಯಿತು. ಕಾರಣ ಅದಲ್ಲ. ಈ ಜೇಡದ ಕಣ್ಣಿನ ಲೆನ್ಸ್ ತಲೆಯ ಕವಚಕ್ಕೇ ಅಂಟಿಕೊಂಡಿರುತ್ತದೆ, ಅಲುಗುವುದಿಲ್ಲ. ಅದರ ಹಿಂದೆ ಉದ್ದನೆಯ ಕೊಳವೆ, ಕೊಳವೆಯ ತುದಿಯಲ್ಲಿ ಬಿಂಬ ಬೀಳುವ ಪರದೆ, ರೆಟಿನಾ. ಸ್ನಾಯುಗಳು ಆ ರೆಟಿನಾವನ್ನು ಅತ್ತಿತ್ತ ಆಡಿಸುತ್ತವೆ. ರೆಟಿನಾ ನೇರ ನನ್ನ ಕಡೆಗಿದ್ದಾಗ ಕಪ್ಪು, ಪಕ್ಕಕ್ಕೆ ಸರಿದಾಗ ತಿಳಿ ಬಣ್ಣ. ಹನ್ನೆರಡರಲ್ಲಿ ಐದು ಫ್ರೇಮ್ ಕಪ್ಪು. ಅಂದರೆ ಐದು ಸಲ ಅದು ನನ್ನನ್ನು ನೋಡಿತು, ಏಳು ಸಲ ಬೇರೇನನ್ನೋ. ಹದಿಮೂರನೆಯದಕ್ಕೆ ಅದು ಲೆನ್ಸಿನ ಮೇಲೇ ನೆಗೆದಿತ್ತು. ಆ ಫ್ರೇಮಿನಲ್ಲಿ ಬರೀ ಬೂದು.

ಈ ಜೇಡದ ನಂತರ ಕಣ್ಣಿನ ಹಟ ಸಡಿಲವಾಯಿತು ಅನ್ನಬೇಕು. ಕಣ್ಣಿಗೆ ಫೋಕಸ್ ಮಾಡುವುದು ಹುಳಕ್ಕಾಗಿ ಅಲ್ಲ, ನೋಡುವ ನಮಗಾಗಿ. ನಮಗೊಂದು ಮುಖ ಬೇಕು. ಮುಖ ಸಿಕ್ಕರೆ ‘ಅಯ್ಯೋ, ಎಷ್ಟು ಮುದ್ದಾಗಿದೆ’ ಅಂತ ಮುಂದೆ ಹೋಗಬಹುದು. ಇರುವ ಒಂದು ಮಿಲಿಮೀಟರನ್ನು ಪ್ರತಿಸಲವೂ ಮುಖಕ್ಕೇ ಸುರಿದರೆ ಉಳಿದ ಹುಳವೆಲ್ಲ ಮಂಜಿನಲ್ಲೇ ಕಳೆದುಹೋಗುತ್ತದೆ. ನೊಣಕ್ಕೆ ಎರಡೇ ರೆಕ್ಕೆ, ಹಿಂದಿನ ಜೋಡಿ ಇದ್ದಲ್ಲಿ ಗುಂಡುಸೂಜಿಯಂಥ ಎರಡು ಗುಬುಟು, ಹಾರುವಾಗ ಮೈ ತಿರುಗಿದ್ದನ್ನು ತಿಳಿಸುವ ಅಂಗ. ಆ ಗುಬುಟು ಚೂಪಾಗಿರುವ ಒಂದೇ ಒಂದು ಫೋಟೋ ನನ್ನ ಮೊದಲ ಎರಡು ವರ್ಷದ ಸಂಗ್ರಹದಲ್ಲಿ ಇಲ್ಲ. ನೊಣದ ಫೋಟೋ ಲೆಕ್ಕವಿಲ್ಲದಷ್ಟಿವೆ.

ಆಮೇಲೆ ಬಹಳ ಕಾಲ ಕಳೆದದ್ದು ಗುಲಾಬಿ ಗಿಡದ ಒಂದು ಚಿಗುರಿನ ಮುಂದೆ. ಸಸ್ಯಹೇನುಗಳ ಸಂಸಾರ. ಎರಡು ಮಿಲಿಮೀಟರಿನ ತಿಳಿ ಹಸಿರು ಮೈಗಳು, ಚಿಗುರಿಗೆ ಸೂಜಿ ಚುಚ್ಚಿ ತಲೆ ತಗ್ಗಿಸಿ ಕೂತಿರುತ್ತವೆ. ಉಸಿರು ತಾಗಿದರೆ ಕೆಲವು ಕೈಬಿಟ್ಟು ಉದುರುತ್ತವೆ. ಮೇಯುವ ಪ್ರಾಣಿಯ ಬಿಸಿಯುಸಿರು ಅವಕ್ಕೆ ಸಾವಿನ ಸೂಚನೆ. ಆದ್ದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಹಿಂದಿನಿಂದ ಬೆಳಕು ಬಿದ್ದಾಗ ತಾಯಿಹೇನಿನ ಅರೆಪಾರದರ್ಶಕ ಹೊಟ್ಟೆಯೊಳಗೆ ಜೋಡಿ ಜೋಡಿ ಕೆಂಪು ಚುಕ್ಕೆ ಕಂಡವು. ಹುಟ್ಟಬೇಕಾದ ಮರಿಗಳ ಕಣ್ಣುಗಳು. ಗಂಡಿನ ಹಂಗಿಲ್ಲದೆ ಹೆಣ್ಣು ಹೆಣ್ಣನ್ನೇ ಹೆರುವ ಜೀವ ಇದು. ಆ ಮರಿಯ ಹೊಟ್ಟೆಯಲ್ಲಿ ಆಗಲೇ ಅದರ ಮರಿ ರೂಪುಗೊಳ್ಳತೊಡಗಿರುತ್ತದೆ. ಮರಿ ಹೊರಬರುವುದು ಹಿಂಬದಿಯಿಂದ, ತಲೆ ಕೊನೆಗೆ. ಕಣ್ಣಿಗಾಗಿ ಕಾದು ಕೂತರೆ ಹೆರಿಗೆಯೇ ಮುಗಿದಿರುತ್ತದೆ. ನಾನು ಕಾಲುಗಳಿಗೆ ಫೋಕಸ್ ಮಾಡಿದೆ. ಆರು ಎಳೆ ಕಾಲುಗಳು ಗಾಳಿಯಲ್ಲಿ ಏನನ್ನೋ ತಡಕಾಡುತ್ತಾ, ಚಿಗುರಿನ ರೋಮ ಸಿಕ್ಕಿದ ಕೂಡಲೇ ಹಿಡಿದುಕೊಂಡವು.

ಅದೇ ಚಿಗುರಿನಲ್ಲಿ ನಾಲ್ಕೈದು ಹೇನುಗಳು ಊದಿಕೊಂಡು, ಹೊಂಬಣ್ಣಕ್ಕೆ ತಿರುಗಿ, ಕಾಗದದ ಗೊಂಬೆಗಳ ಹಾಗೆ ಅಲುಗದೆ ಕೂತಿದ್ದವು. ಈಜಿಪ್ಟಿನ ಕೆಡದ ಹೆಣಗಳ ಹಾಗೆ ಇವಕ್ಕೂ ಮಮ್ಮಿ ಅಂತಲೇ ಹೆಸರು. ಪರಾವಲಂಬಿ ಕಡಜ ಹೇನಿನೊಳಗೆ ಒಂದು ಮೊಟ್ಟೆ ಚುಚ್ಚಿ ಹೋಗುತ್ತದೆ. ಮರಿ ಒಳಗಿನದನ್ನೆಲ್ಲ ತಿಂದು, ಹೇನಿನ ಹೊಟ್ಟೆಯ ಅಡಿಯಲ್ಲಿ ಸೀಳು ಮಾಡಿ ಸಿಪ್ಪೆಯನ್ನು ಎಲೆಗೆ ಅಂಟಿಸಿ, ಅದರೊಳಗೇ ಗೂಡು ಹೆಣೆದು ಮಲಗುತ್ತದೆ. ಕಡೆಗೆ ಬೆನ್ನಿನ ಹಿಂಭಾಗದಲ್ಲಿ ಒಂದು ದುಂಡನೆಯ ಬಾಗಿಲು ಕೊರೆದು ಹೊರಬರುತ್ತದೆ.

ಆ ಬಾಗಿಲು ನನಗೆ ಬೇಕಿತ್ತು. ಎರಡು ಪಟ್ಟು ಹಿಗ್ಗಿಸಬೇಕಾದ್ದರಿಂದ ನನ್ನ ಒಂದು ಮಿಲಿಮೀಟರೂ ಕೈತಪ್ಪಿತು. 2:1ರಲ್ಲಿ, ಎಫ್/8ರಲ್ಲಿ, ಚೂಪಿನ ಪದರ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೇ. ಮೂರು ದಿನ ಬೆಳಿಗ್ಗೆ ಹೋಗಿ ಕೂತೆ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಒಂದು ಮಮ್ಮಿಯ ಬೆನ್ನಲ್ಲಿ ಕೂದಲಿನಷ್ಟು ತೆಳುವಾದ ವೃತ್ತರೇಖೆ ಕಂಡಿತು. ರೇಖೆ ನಿಧಾನವಾಗಿ ಬೆಳೆಯುತ್ತಿತ್ತು, ಒಳಗಿನಿಂದ ಯಾರೋ ಡಬ್ಬಿ ಕೊರೆಯುತ್ತಿರುವ ಹಾಗೆ. ಹಳೆಯ ಚಾಳಿ ಹೇಳುತ್ತಿತ್ತು: ಸ್ವಲ್ಪ ಮುಂದೆ ಫೋಕಸ್ ಇಟ್ಟುಕೋ, ತಲೆ ಬರುತ್ತದೆ, ಕಣ್ಣು ಅಲ್ಲಿ ಬೀಳುತ್ತದೆ. ನಾನು ರೇಖೆಯ ಮೇಲೇ ಇಟ್ಟೆ.

ಮುಚ್ಚಳ ಎದ್ದಿತು. ಪೂರ್ತಿ ಕಳಚಲಿಲ್ಲ, ಒಂದು ಕಡೆ ಕೀಲಿನ ಹಾಗೆ ಅಂಟಿಕೊಂಡೇ ಇತ್ತು. ಕಡಜ ಮೀಸೆ ಚಾಚಿತು, ಹೊರಬಂತು, ಎಲೆಯ ಅಂಚಿಗೆ ನಡೆದು ಮೀಸೆ ಒರೆಸಿಕೊಂಡು ಹಾರಿಹೋಯಿತು. ಎಲ್ಲ ಸೇರಿ ಅದರ ಉದ್ದ ಎರಡು ಮಿಲಿಮೀಟರ್. ಇಪ್ಪತ್ತಾರು ಫ್ರೇಮಿನಲ್ಲಿ ಒಂದನ್ನು ಪ್ರಿಂಟ್ ಹಾಕಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಅದರಲ್ಲಿ ಚೂಪಾಗಿರುವುದು ತೆರೆದ ಮುಚ್ಚಳದ ಕಚ್ಚು ಕಚ್ಚಾದ ಅಂಚು, ದವಡೆಯ ಒಂದೊಂದು ಕಡಿತವನ್ನೂ ಎಣಿಸಬಹುದು. ಅದರಾಚೆ ಕಂದು ಮಂಜಿನಲ್ಲಿ ಎರಡು ಮೀಸೆ. ಮೊನ್ನೆ ಮನೆಗೆ ಬಂದ ಗೆಳೆಯ, ನನ್ನಿಂದಲೇ ಪಾಠ ಹೇಳಿಸಿಕೊಂಡವನು, ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಚೆನ್ನಾಗಿದೆ. ಆದರೆ ಕಣ್ಣು ಔಟಾಗಿದೆಯಲ್ಲೋ” ಅಂದ.